ತಲ್ಲೀನ ಪ್ರೇಕ್ಷಕಿ

ನಾನು ಪಿಎಚ್.ಡಿ. ಮುಗಿಸಲಿಲ್ಲ. ಯಾಕೆ ಮುಗಿಸಲಿಲ್ಲ ಎಂದು ಯಾರಾದರೂ ಅನುಕಂಪದ ದನಿಯಲ್ಲಿ ಕೇಳಿದರೆ ಈಗಲೂ ನನಗೆ ಮೈ ಉರಿಯುತ್ತದೆ. ಆರೋಗ್ಯ ಕೆಟ್ಟಿರಬೇಕು, ಗೈಡಿನ ಜೊತೆ ಏನೋ ಕಿರಿಕಿರಿಯಾಗಿರಬೇಕು, ಹುಡುಗಿಗೆ ಹಟ ಸಾಲದೇ ಹೋಗಿರಬೇಕು ಎಂದು ಅವರವರೇ ಊಹಿಸಿಕೊಂಡು ತಲೆಯಾಡಿಸುತ್ತಾರೆ. ಹಾಗಾಗಿ ಒಂದೇ ಸಲ ಎಲ್ಲವನ್ನೂ ಹೇಳಿಬಿಡುತ್ತೇನೆ. ಸಮಾಧಾನದಿಂದ ಹೇಳುತ್ತೇನೆ ಎಂದು ಮಾತ್ರ ಯಾರೂ ತಿಳಿಯಬಾರದು.

ನಮ್ಮ ಊರಿನಲ್ಲಿ ಒಂದು ಪರದೆಯ ಮುಂದೆ ಎಷ್ಟು ಜನ ಕೂತರೆ ಅಷ್ಟು ಜನಕ್ಕೂ ಬೇರೆ ಬೇರೆ ಚಿತ್ರ ಕಾಣುತ್ತದೆ, ಬೇರೆ ಬೇರೆ ಮಾತು ಕೇಳುತ್ತದೆ. ಟಾಕೀಸಿನಲ್ಲೂ ಹಾಗೆ, ಮನೆಯ ಟೀವಿಯಲ್ಲೂ ಹಾಗೆ. ಅವರವರಿಗೆ ಅವರವರದು. ಟಾಕೀಸಿನಲ್ಲಿ ಇಂಟರ್‌ವಲ್ ಎಂಬುದೇ ಇಲ್ಲ; ಒಬ್ಬೊಬ್ಬರಿಗೆ ಒಂದೊಂದು ಹೊತ್ತಿಗೆ ಬರುವುದರಿಂದ ಕಡಲೆಕಾಯಿ ಮಾರುವವನು ಆಟ ಶುರುವಾದಾಗಿನಿಂದ ಮುಗಿಯುವವರೆಗೂ ಸಾಲುಗಳ ನಡುವೆ ಓಡಾಡುತ್ತಲೇ ಇರುತ್ತಾನೆ. ಮನೆಗಳಲ್ಲಿ ಮಾವ ತೊಡೆ ತಟ್ಟಿ ನಗುವ ಹೊತ್ತಿಗೆ ಪಕ್ಕದಲ್ಲಿ ಸೊಸೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿರುತ್ತಾಳೆ. ಯಾರೂ ಯಾರ ಕಡೆಗೂ ತಿರುಗುವುದಿಲ್ಲ. ನಮ್ಮ ವಿಶ್ವವಿದ್ಯಾಲಯದಲ್ಲಿ ಇವತ್ತಿಗೂ ಕಪ್ಪುಹಲಗೆ, ಸೀಮೆಸುಣ್ಣ. ಪರದೆ ಇಳಿಬಿಟ್ಟು ಪಾಠ ಮಾಡಲು ಹೋದ ಮೇಷ್ಟರೊಬ್ಬರು ನಗೆಪಾಟಲಾದ ಕಥೆಯನ್ನು ಹೊಸ ಮೇಷ್ಟರುಗಳಿಗೆಲ್ಲ ಮೊದಲ ದಿನವೇ ಹೇಳಿಬಿಡುತ್ತಾರೆ.

ಹೀಗಿರುವಾಗ ಬಾಳುವೆ ಸಾಗಬೇಕಲ್ಲ, ಅದಕ್ಕೆ ಊರು ಒಂದು ಕಟ್ಟು ಮಾಡಿಕೊಂಡಿದೆ. ನಿನಗೇನು ಕಂಡಿತು ಎಂದು ಯಾರೂ ಯಾರನ್ನೂ ಕೇಳಬಾರದು. ಉಣ್ಣುವವರ ತುತ್ತು ಎಣಿಸಬಾರದು, ನೋಡುವವರ ಕಣ್ಣು ಕೇಳಬಾರದು ಎಂದು ಗಾದೆಯೇ ಇದೆ. ಗಂಡ ಹೆಂಡತಿಯನ್ನು ಕೇಳುವುದಿಲ್ಲ, ತಾಯಿ ಮಗನನ್ನು ಕೇಳುವುದಿಲ್ಲ. ಕೇಳಿದ್ದಕ್ಕೆ ಮುರಿದುಬಿದ್ದ ಮದುವೆಗಳುಂಟು.

ಇಂಥ ಊರಿಗೆ ಡಾಕ್ಟರ್ ಪಟ್ಟಾಭಿ ದೂರದ ರಾಜಧಾನಿಯಿಂದ ಪ್ರೊಫೆಸರರಾಗಿ ಬಂದರು. ಮಾಧ್ಯಮ ವಿಭಾಗದಲ್ಲಿ ಅವರ ಕೈಕೆಳಗೆ ನಾನು ಸಂಶೋಧನೆಗೆ ಸೇರಿದೆ. ಪರದೆ ಪ್ರತಿಯೊಬ್ಬರಿಗೂ ಅವರದೇ ಚಿತ್ರ ತೋರಿಸುವಾಗ ನೋಡುವವರ ಅನುಭವ ಎಂಥದ್ದು ಎಂಬುದು ನನ್ನ ವಿಷಯ. ಮಿಕ್ಕ ಊರುಗಳಲ್ಲಿ ಇದನ್ನು ಓದಲು ಯಂತ್ರಗಳು ಬೇಕು, ನಿಮ್ಮೂರು ಹುಟ್ಟಾ ಪ್ರಯೋಗಶಾಲೆ ಎಂದು ಅವರು ಹೇಳುತ್ತಿದ್ದರು. ಆಗ ನನಗೆ ಅದು ಹೆಮ್ಮೆಯ ಮಾತಾಗಿ ಕೇಳುತ್ತಿತ್ತು. ಊರ ಹಿರಿಯರನ್ನು ಒಪ್ಪಿಸಲು ಬಹಳ ದಿನ ಹಿಡಿಯಿತು. ಕೊನೆಗೆ, ಹುಡುಗಿ ಓದಿಗಾಗಿ ಕೇಳುತ್ತಿದ್ದಾಳೆ, ಕೇಳಲಿ, ಆದರೆ ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಕಿವಿಗೆ ಹಾಕಕೂಡದು ಎಂಬ ಷರತ್ತಿನ ಮೇಲೆ ಬಿಟ್ಟರು. ಪಟ್ಟಾಭಿಯವರು ಅದಕ್ಕೆ ಗೋಪ್ಯತೆ ಎಂದು ಹೆಸರಿಟ್ಟು ನನ್ನಿಂದ ಸಹಿ ಹಾಕಿಸಿಕೊಂಡರು. ಹೀಗೆ ಇಡೀ ಊರಿನಲ್ಲಿ ಕೇಳುವ ಹಕ್ಕಿದ್ದವಳು ನಾನೊಬ್ಬಳೇ ಆದೆ. ಹೇಳುವ ಹಕ್ಕು ಮಾತ್ರ ಇರಲಿಲ್ಲ.

ಅನುಭವವನ್ನು ಅಳೆಯಲು ಪಟ್ಟಾಭಿಯವರ ಹತ್ತಿರ ಒಂದು ಮಾನದಂಡವಿತ್ತು. ಅದರ ಹೆಸರು ತಲ್ಲೀನತೆ. ನೋಡುವವರು ಎಷ್ಟು ಹೊತ್ತು ಏಳದೆ ಕೂರುತ್ತಾರೆ, ಎಷ್ಟು ಕಡಿಮೆ ರೆಪ್ಪೆ ಬಡಿಯುತ್ತಾರೆ, ಕರೆದರೆ ಓಗೊಡುತ್ತಾರೋ ಇಲ್ಲವೋ, ಇವೆಲ್ಲ ಸೇರಿ ಒಂದು ಅಂಕ. ಅಂಕ ಹೆಚ್ಚಿದಷ್ಟೂ ಸುಖ ಹೆಚ್ಚು. ಸುಖವಿಲ್ಲದೆ ಯಾರೂ ಕೂರುವುದಿಲ್ಲ ಎಂಬುದು ಅವರ ಸಿದ್ಧಾಂತ. ಬಲವಂತವೇ ಇಲ್ಲದ ಕಡೆ ಇನ್ನೇನು ಕಾರಣವಿರಲು ಸಾಧ್ಯ ಎಂದು ಅವರು ಕೇಳಿದಾಗ ನನಗೂ ಉತ್ತರ ಹೊಳೆದಿರಲಿಲ್ಲ.

ಮೊದಮೊದಲು ಹೋದ ಮನೆಗಳಲ್ಲಿ ನನಗೆ ಸಿಕ್ಕಿದ್ದು ಪುಟ್ಟ ಪುಟ್ಟ ಸುಖಗಳೇ. ರಿಟೈರಾದ ಅಂಚೆ ಮಾಸ್ತರರೊಬ್ಬರಿಗೆ ರೈಲು ಕಾಣುತ್ತಿತ್ತು. ಊರಿಂದೂರಿಗೆ ಹೋಗುವ ರೈಲು, ಕಿಟಕಿ, ಹೊರಗೆ ಗದ್ದೆ. ಅವರ ಹೆಂಡತಿಗೆ ಅದೇ ಟೀವಿಯಲ್ಲಿ ಇನ್ನೊಬ್ಬರ ಮನೆಯ ಮದುವೆಗಳು. ಹೇಳುವಾಗ ಅವರ ಮುಖಗಳು ಕೆಂಪಾಗುತ್ತಿದ್ದವು. ಮೊದಲ ಸಲ ಒಬ್ಬರು ಕೇಳುತ್ತಿದ್ದಾರೆ ಎಂಬ ಸಂಕೋಚ, ಅದರ ಹಿಂದೆಯೇ ಖುಷಿ. ಇಂಥವರ ಮಾತು ಕೇಳುತ್ತಾ ನಾನು ಪದ್ಮಾವತಕ್ಕನ ಮನೆಗೆ ಬಂದೆ.

ಪದ್ಮಾವತಕ್ಕನ ಗಂಡ ಹಾಲೇಶಪ್ಪ ಪೇಟೆಬೀದಿಯಲ್ಲಿ ಫ್ಯಾನು, ಮಿಕ್ಸಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಅವರ ಒಬ್ಬಳೇ ಮಗಳು ಸಿಂಚನ ಕೆಲವು ವರ್ಷಗಳ ಹಿಂದೆ ಸ್ಕೂಲ್ ವ್ಯಾನು ಊರಾಚೆಯ ನೀರಿನ ಚಾನಲ್‌ಗೆ ಬಿದ್ದಾಗ ಹೋಗಿಬಿಟ್ಟಿದ್ದಳು. ಇದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಈಗ ಚೇತರಿಸಿಕೊಂಡಿದ್ದಾರೆ, ಸಂಜೆಯಾದರೆ ಗಂಡಹೆಂಡತಿ ಒಟ್ಟಿಗೆ ಕೂತು ಟೀವಿ ನೋಡುತ್ತಾರೆ ಎಂದು ಬೀದಿಯವರು ಮೆಚ್ಚಿಕೊಂಡು ಹೇಳುತ್ತಿದ್ದರು. ನಾನು ಹೋಗಿದ್ದು ಮಧ್ಯಾಹ್ನ. ಬಾಗಿಲು ತೆರೆದೇ ಇತ್ತು. ಒಲೆಯ ಮೇಲೆ ಹಾಲು ಉಕ್ಕಿ ಸೀದ ವಾಸನೆ ಬೀದಿಗೆಲ್ಲ ಹರಡಿತ್ತು. ಆಕೆ ಟೀವಿಯ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಕರೆದೆ, ಕೇಳಿಸಲಿಲ್ಲ. ನಾನೇ ಒಳಗೆ ಹೋಗಿ ಗ್ಯಾಸ್ ಆರಿಸಿ ಬಂದು ಪಕ್ಕದಲ್ಲಿ ಕೂತೆ. ನನಗೆ ಆ ಟೀವಿಯಲ್ಲಿ ಎಂದಿನಂತೆ ನನ್ನದೇ ಏನೋ ಹಾಡು ಕಾಣುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಆಕೆ ಕಣ್ಣು ಹೊರಳಿಸಿದಾಗ ನನ್ನ ಕೆಲಸ ಇಂಥದ್ದು ಎಂದು ಹೇಳಿ, ಏನು ಕಾಣುತ್ತದೆ ಎಂದು ಕೇಳಿದೆ.

ಆಕೆ ಮುಚ್ಚುಮರೆ ಮಾಡಲಿಲ್ಲ. ಕೇಳುವವರಿಗಾಗಿಯೇ ಕಾದಿದ್ದಂತೆ ಹೇಳಿದಳು.

“ಸಿಂಚು ಕಾಣ್ತಾಳೆ. ಆವತ್ತಿನ ಬೆಳಿಗ್ಗೆ. ನಾನು ಜಡೆ ಹಾಕ್ತಾ ಇರ್ತೀನಿ, ವ್ಯಾನ್ ಬಂದು ನಿಲ್ಲುತ್ತೆ. ಅವ್ಳು ಓಡ್ತಾಳೆ, ಹತ್ತುತಾಳೆ, ವ್ಯಾನು ಚಾನಲ್ಲಿನ ಏರಿ ಮೇಲೆ ಹೋಗುತ್ತೆ. ಆಮೇಲೆ ಮತ್ತೆ ಬೆಳಿಗ್ಗೆ ಆಗುತ್ತೆ. ಮತ್ತೆ ಜಡೆ.” ಆಕೆಯ ಕಣ್ಣು ಆಗಲೇ ಟೀವಿಗೆ ಮರಳಿತ್ತು. “ಒಂದೊಂದ್ ಸಲ ರಿಬ್ಬನ್ನು ಬಿಚ್ಚೋಗುತ್ತೆ. ಅದನ್ನ ಮತ್ತೆ ಕಟ್ಟೋ ಅಷ್ಟರಲ್ಲಿ ವ್ಯಾನ್ ಹೋಗ್ಬಿಟ್ರೆ ಸಾಕು ಅಂತ ಕಾಯ್ತೀನಿ. ನಿನ್ನೆ ಡ್ರೈವರ್ರು ಹಾರನ್ ಹೊಡ್ದು ಹೊರಟೇಬಿಟ್ಟಿದ್ದ ಕಣಮ್ಮ. ಆಮೇಲೆ ಕನ್ನಡೀಲಿ ಅವ್ಳು ಓಡಿಬರೋದು ನೋಡ್ಬಿಟ್ಟು ನಿಲ್ಲಿಸ್ದ.”

ಟೀವಿ ಆರಿಸಿಬಿಡಬಾರದೇ ಅಕ್ಕ ಎಂದೆ.

“ಆರಿಸಿದ್ದಾಗ್ಲೇ ಅವ್ಳು ತಪ್ಪಿಸ್ಕೊಂಡ್ರೆ?” ಎಂದಳು ಆಕೆ. “ನಾನು ನೋಡ್ದೆ ಇದ್ದಾಗ ತಪ್ಪಿಸ್ಕೊಂಡ್ರೆ ಏನ್ ಮಾಡ್ಲಿ?”

ಆಮೇಲೆ ನಾನು ಹಲವು ಸಲ ಆ ಮನೆಗೆ ಹೋದೆ. ಆ ಪರದೆ ಏನು ಮಾಡುತ್ತಿದೆ ಎಂಬುದು ಹೋಗಹೋಗುತ್ತ ನನಗೆ ಅರ್ಥವಾಯಿತು. ಆಕೆಗೆ ಬೇಸರ ಬಂದು ಏಳುವ ಹೊತ್ತಾಯಿತು ಎನ್ನುವಾಗ ಅದು ವ್ಯಾನನ್ನು ಒಂದು ಗಳಿಗೆ ತಡ ಮಾಡಿಸುತ್ತಿತ್ತು. ಮಗುವಿನ ಶೂ ಸಿಗದಂತೆ ಮಾಡುತ್ತಿತ್ತು. ಆಸೆ ಹುಟ್ಟಿಸುವಷ್ಟು ಬದಲಾಯಿಸಿ, ಮಗು ಉಳಿಯದಂತೆ ಮಿಕ್ಕಿದ್ದನ್ನು ಹಾಗೆಯೇ ಇಡುತ್ತಿತ್ತು. ಆಕೆ ಊಟ ಬಿಟ್ಟಿದ್ದಳು. ರವಿಕೆಯ ತೋಳು ಜೋತುಬಿದ್ದಿತ್ತು. ಸಂಜೆ ಹಾಲೇಶಪ್ಪ ಅಂಗಡಿ ಮುಚ್ಚಿ ಬಂದು, ಕೈಕಾಲು ತೊಳೆದು, ಆಕೆಯ ಪಕ್ಕದ ಕುರ್ಚಿಯಲ್ಲಿ ಕೂತು, ಅದೇ ಟೀವಿ ನೋಡುತ್ತ ಗಹಗಹಿಸಿ ನಗುತ್ತಿದ್ದ. ಆಕೆ ಅವನ ಕಡೆ ತಿರುಗುತ್ತಿರಲಿಲ್ಲ. ಅವನೂ ಆಕೆಯ ಕಡೆ ತಿರುಗುತ್ತಿರಲಿಲ್ಲ. ಇದನ್ನೇ ಬೀದಿಯವರು ಒಟ್ಟಿಗೆ ಕೂತು ನೋಡುತ್ತಾರೆ ಎನ್ನುತ್ತಿದ್ದುದು.

ನಾನು ನೇರವಾಗಿ ಪಟ್ಟಾಭಿಯವರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಗೈಡಿಗೆ ಹೇಳಬಹುದು, ಅದಕ್ಕೆ ನಿಯಮದಲ್ಲಿ ಅವಕಾಶವಿತ್ತು. ಆಕೆ ಸಾಯುತ್ತಾಳೆ ಸರ್, ಏನಾದರೂ ಮಾಡಬೇಕು ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಅವರ ಮುಖದ ಮೇಲೆ ಮೂಡಿದ್ದು ಸಂತೋಷ. ಆಕೆಯ ತಲ್ಲೀನತೆಯ ಅಂಕ ಎಷ್ಟು ಎಂದು ಕೇಳಿದರು. ಹೇಳಿದೆ. ಈ ವಿಷಯದಲ್ಲಿ ಇಲ್ಲಿಯವರೆಗೆ ಯಾರಿಗೂ ಇಂಥ ಅಂಕ ದೊರೆತಿಲ್ಲ, ಇದೇ ನಿಮ್ಮ ಪ್ರಬಂಧದ ಕಿರೀಟ ಎಂದರು. ಆಕೆ ಅಳುತ್ತಾಳೆ ಸರ್ ಎಂದೆ. ಜನ ದುಡ್ಡು ಕೊಟ್ಟು ಅಳಲು ಹೋಗುತ್ತಾರೆ, ಶೋಕವೂ ಒಂದು ರಸ ಎಂದರು. ನೋಡುವವರ ನಡುವೆ ಸಂಶೋಧಕಿ ಕೈ ಹಾಕಿದರೆ ಎಲ್ಲ ಕೆಟ್ಟುಹೋಗುತ್ತದೆ, ಗಂಡನಿಗೆ ಹೇಳುವ ಯೋಚನೆಯನ್ನಂತೂ ಮಾಡಲೇಬೇಡಿ, ನೀವು ಸಹಿ ಹಾಕಿದ್ದೀರಿ ಎಂದು ನೆನಪಿಸಿದರು. ರೆಪ್ಪೆ ಅಳೆಯುವ ಕ್ಯಾಮೆರಾ ತರಿಸಿದ್ದೇನೆ, ಅದನ್ನು ಆಕೆಯ ಮನೆಯಲ್ಲಿ ಇಡಿ ಎಂದರು.

ನಾನು ಇಡುವುದಿಲ್ಲ ಎಂದೆ. ಸಿಟ್ಟಿನಲ್ಲಿ ಬಾಗಿಲಿನ ಕಡೆ ಹೊರಟೆ. ಹೊರಟಿದ್ದನ್ನು ಅವರು ಭಯ ಎಂದುಕೊಂಡರು ಎಂಬುದು ಇವತ್ತಿಗೂ ನನಗೆ ಉರಿಯುವ ವಿಷಯ. ಪರವಾಗಿಲ್ಲ, ನಾನೇ ಇಡುತ್ತೇನೆ ಎಂದು ಬೆನ್ನು ತಟ್ಟಿ ಕಳಿಸಿದರು.

ಹಾಗೆಯೇ ಮಾಡಿದರು. ಕಾರಿನಲ್ಲಿ ಹೋಗಿ, ಹಾಲೇಶಪ್ಪನಿಗೆ ಕೈಮುಗಿದು, ನಿಮ್ಮ ಮನೆಯವರಂಥ ನೋಡುಗರು ಲಕ್ಷಕ್ಕೊಬ್ಬರು, ಅವರ ಹೆಸರು ವಿದೇಶದವರೆಗೂ ಹೋಗುತ್ತದೆ ಎಂದರಂತೆ. ಕ್ಯಾಮೆರಾವನ್ನು ಟೀವಿಯ ತಲೆಯ ಮೇಲೆ ಕೂರಿಸಲು ಹಾಲೇಶಪ್ಪನೇ ಸ್ಕ್ರೂಡ್ರೈವರ್ ತಂದುಕೊಟ್ಟನಂತೆ. ಮರುದಿನ ಅವನು ಅಂಗಡಿಗೆ ಬಂದವರಿಗೆಲ್ಲ ಇದನ್ನು ಹೇಳಿಕೊಂಡು ಕಾಫಿ ಕುಡಿಸುತ್ತಿದ್ದ ಸುದ್ದಿ ನನ್ನ ಕಿವಿಗೆ ಬಿತ್ತು. ಅಲ್ಲಿಗೆ ನನ್ನ ಸಹಿ, ನನ್ನ ಷರತ್ತು ಎಲ್ಲ ತೀರಿಹೋಯಿತು. ನಾನು ಆ ಗಳಿಗೆಯಲ್ಲೇ ಪೇಟೆಬೀದಿಗೆ ಹೋದೆ.

ಹಾಲೇಶಪ್ಪ ಫ್ಯಾನಿಗೆ ತಂತಿ ಸುತ್ತುತ್ತಿದ್ದ. ಗಿರಾಕಿಗಳು ಹೋಗುವವರೆಗೆ ಕಾದು, ಅವನ ಹೆಂಡತಿಗೆ ಏನು ಕಾಣುತ್ತದೆ ಎಂಬುದನ್ನು ಒಂದೂ ಬಿಡದೆ ಹೇಳಿದೆ. ಹೇಳುತ್ತಿರುವಾಗ ಅವನು ತಂತಿ ಸುತ್ತುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ ನಿಲ್ಲಿಸಿದ.

“ನೀನು ಹೇಳ್ಬಾರ್ದಿತ್ತು,” ಎಂದ.

ಹೇಳದಿದ್ದರೆ ಆಕೆ ಉಳಿಯುವುದಿಲ್ಲ, ಇವತ್ತೇ ಟೀವಿ ತೆಗೆದುಹಾಕಿ ಎಂದೆ. ಅವನು ಎದ್ದು ಹೋಗಿ ಅಂಗಡಿಯ ಷಟರನ್ನು ಅರ್ಧಕ್ಕೆ ಇಳಿಸಿ ಬಂದ.

“ನಂಗೆ ಕಾಣೋದೂ ಅವ್ಳೇ ಕಣಮ್ಮ. ಆದ್ರೆ ನಂಗೆ ಅವ್ಳು ದೊಡ್ಡೋಳಾಗಿದಾಳೆ. ಕಾಲೇಜಿಗೆ ಹೋಗ್ತಾಳೆ. ಮೊನ್ನೆ ನನ್ ಅಂಗಿ ಇಸ್ತ್ರಿ ಮಾಡೋಕ್ಹೋಗಿ ಸುಟ್ಟಾಕಿದ್ಲು, ಬೈಯೋಣ ಅಂತ ಬಾಯಿ ತೆಗೆದ್ರೆ ನಗು ಬಂದ್ಬಿಡ್ತು.” ಅವನು ನನ್ನ ಕಡೆ ನೋಡದೆ ಹೇಳಿದ. “ಟೀವಿ ತೆಗೆದಾಕು ಅಂತೀಯ. ಇನ್ನೊಂದ್ ಸಲ ಮಣ್ಣು ಮಾಡು ಅಂತ ತಾನೆ?”

ಮನೆಗೆ ನಡೆದು ಬರುವಾಗ ನನ್ನ ಮೈಯೆಲ್ಲ ಕಾದ ಹೆಂಚಾಗಿತ್ತು. ಒಂದೇ ಪೆಟ್ಟಿಗೆ, ಒಂದೇ ಮನೆ, ಒಬ್ಬಳೇ ಮಗಳು. ಗಂಡನನ್ನು ಕೂರಿಸಲು ಅವಳನ್ನು ಬೆಳೆಸಿತ್ತು, ಹೆಂಡತಿಯನ್ನು ಕೂರಿಸಲು ಅವಳನ್ನು ದಿನಾ ಮುಳುಗಿಸುತ್ತಿತ್ತು. ಇಬ್ಬರನ್ನೂ ಕೂರಿಸಿತ್ತಲ್ಲ, ಅಷ್ಟೇ ಅದಕ್ಕೆ ಬೇಕಾದದ್ದು. ಪಟ್ಟಾಭಿಯವರಿಗೂ ಅಷ್ಟೇ ಬೇಕಾಗಿತ್ತು. ಹಾಲೇಶಪ್ಪನ ಮೇಲೂ ಸಿಟ್ಟು ಬಂತು. ಅವನು ಸುಳ್ಳು ಮಗಳಿಗಾಗಿ ನಿಜವಾದ ಹೆಂಡತಿಯನ್ನು ಒಣಗಲು ಬಿಟ್ಟಿದ್ದ. ಆದರೆ ಸುಟ್ಟ ಅಂಗಿಯ ಮಾತು ನೆನಪಾದಾಗಲೆಲ್ಲ ಆ ಸಿಟ್ಟು ಅಲ್ಲೇ ನಿಲ್ಲುತ್ತಿತ್ತು.

ಪ್ರಬಂಧ ಸಲ್ಲಿಸುವ ಮುನ್ನ ಬಹಿರಂಗ ಸಭೆಯೊಂದು ನಡೆಯಬೇಕು, ಅದು ನಮ್ಮಲ್ಲಿನ ಪದ್ಧತಿ. ನಾನು ಪದ್ಮಾವತಕ್ಕನ ಭಾಗವನ್ನು ತೆಗೆದುಹಾಕುತ್ತೇನೆ ಎಂದಾಗ ಪಟ್ಟಾಭಿಯವರು, ಹಾಗಾದರೆ ಪ್ರಬಂಧವೇ ಇಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಿದರು. ಸಭೆಗೆ ಅವರು ಕುಲಪತಿಗಳನ್ನು, ಹೊರಗಿನ ಪರೀಕ್ಷಕರನ್ನು ಕರೆಸಿದರು. ಊರವರಿಗೂ ಆಹ್ವಾನ ಹೋಯಿತು. ಕಾರ್ಯಕ್ರಮದ ಕೊನೆಗೆ ಅತ್ಯಂತ ತಲ್ಲೀನ ಪ್ರೇಕ್ಷಕಿಗೆ ಸನ್ಮಾನ ಎಂದು ಸೇರಿಸಿದ್ದರು.

ಪದ್ಮಾವತಕ್ಕನನ್ನು ಹಾಲೇಶಪ್ಪ ಆಟೋದಲ್ಲಿ ಕರೆತಂದ. ರೇಷ್ಮೆ ಸೀರೆ ಆಕೆಯ ಮೈಮೇಲೆ ನಿಲ್ಲುತ್ತಿರಲಿಲ್ಲ. ಟೀವಿಯಿಂದ ದೂರ ಬಂದಿದ್ದಕ್ಕೆ ಆಕೆ ಕೂತಲ್ಲಿ ಕೂರದೆ ಚಡಪಡಿಸುತ್ತ, ಬೇಗ ಹೋಗೋಣ ಬೇಗ ಹೋಗೋಣ ಎಂದು ಗಂಡನ ತೋಳು ಜಗ್ಗುತ್ತಿದ್ದಳು. ವೇದಿಕೆಯ ಮೇಲೆ ಪಟ್ಟಾಭಿಯವರು ಮಾತು ಶುರುಮಾಡಿದರು. ಈ ತಾಯಿ ಹಸಿವು ನಿದ್ರೆ ಮರೆತು ನೋಡುತ್ತಾರೆ, ಇಂಥ ಏಕಾಗ್ರತೆ ಋಷಿಗಳಿಗೂ ದುರ್ಲಭ, ಮಾಧ್ಯಮ ಮನುಷ್ಯನಿಗೆ ಕೊಡಬಹುದಾದ ಪರಮಸುಖ ಇವರಿಗೆ ಸಿಕ್ಕಿದೆ ಎಂದರು. ಜನ ಚಪ್ಪಾಳೆ ತಟ್ಟಿದರು.

ನಾನು ಎದ್ದು ನಿಂತೆ. ನನ್ನ ದನಿ ಅಷ್ಟು ದೊಡ್ಡದಾಗಿ ಹೊರಡುತ್ತದೆ ಎಂದು ನನಗೇ ಗೊತ್ತಿರಲಿಲ್ಲ.

“ಸರ್, ಅವ್ರು ಎಷ್ಟು ಹೊತ್ತು ಕೂತ್ರು ಅಂತ ನೀವು ಅಳೆದಿದೀರಿ. ಯಾಕೆ ಏಳೋಕೆ ಆಗ್ತಿಲ್ಲ ಅಂತ ನಿಮ್ಗೆ ಗೊತ್ತು. ಗೊತ್ತಿದ್ದೂ ಅದನ್ನ ಸುಖ ಅಂತ ಹೇಳ್ತಾ ಇದೀರಿ.”

ಅಭ್ಯರ್ಥಿಗೆ ಆಮೇಲೆ ಅವಕಾಶವಿದೆ, ಈಗ ಕೂರಬೇಕು ಎಂದು ಅವರು ನಗುತ್ತಲೇ ಹೇಳಿದರು. ಪ್ರೇಕ್ಷಕಿ ಯಾವುದಾದರೂ ದೂರು ಕೊಟ್ಟಿದ್ದಾರೆಯೇ ಎಂದು ಹೊರಗಿನ ಪರೀಕ್ಷಕರು ಕೇಳಿದರು. ಕೊಟ್ಟಿಲ್ಲ ಎಂದರು ಪಟ್ಟಾಭಿ. ಅಲ್ಲಿಗೆ ಆ ಮಾತು ಮುಗಿಯಿತು. ಕೂರದೆ ನಿಂತೇ ಇದ್ದ ನನ್ನ ಕಣ್ಣೆದುರೇ ಪದ್ಮಾವತಕ್ಕನನ್ನು ಮೇಲೆ ಕರೆದು ಶಾಲು ಹೊದಿಸಿದರು. ಹಣ್ಣಿನ ಬುಟ್ಟಿಯ ಭಾರಕ್ಕೆ ಆಕೆ ವಾಲಿದಳು. ಯಾರೋ ಫೋಟೋ ತೆಗೆಯಲು ಮುಂದೆ ಬಂದರು.

ಆಗ ಹಾಲೇಶಪ್ಪ ವೇದಿಕೆ ಹತ್ತಿದ. ಅವನನ್ನೂ ಫೋಟೋಗೆ ಕರೆದಿರಬೇಕು ಎಂದುಕೊಂಡು ಎಲ್ಲರೂ ಜಾಗ ಬಿಟ್ಟರು. ಅವನು ಹೆಂಡತಿಯ ಕೈಯಿಂದ ಬುಟ್ಟಿ ಇಸಿದುಕೊಂಡು ಕೆಳಗಿಟ್ಟ. ಮೈಕು ಅಲ್ಲೇ ಇತ್ತು, ಅದು ಅವನ ಮಾತನ್ನು ಇಡೀ ಸಭೆಗೆ ಕೇಳಿಸಿತು.

“ಪದ್ಮಾ, ನಿಂಗೆ ಏನ್ ಕಾಣುತ್ತೆ?”

ನಾಲ್ಕು ಜನರ ಮುಂದೆ ಸೀರೆ ಸೆಳೆದಿದ್ದರೂ ಊರು ಅಷ್ಟು ಬೆಚ್ಚುತ್ತಿರಲಿಲ್ಲವೇನೋ. ಪದ್ಮಾವತಕ್ಕ ಗಂಡನ ಮುಖ ನೋಡಿದಳು. ಆಮೇಲೆ ನನಗೆ ಹೇಳಿದ್ದನ್ನೇ, ಅದೇ ಸಣ್ಣ ದನಿಯಲ್ಲಿ, ಜಡೆಯಿಂದ ಹಿಡಿದು ಚಾನಲ್ಲಿನವರೆಗೆ ಹೇಳಿದಳು. ಹಾಲೇಶಪ್ಪ ಮೊದಲೇ ತಿಳಿದಿದ್ದವನು, ಆದರೂ ಆಕೆಯ ಬಾಯಿಂದ ಕೇಳುತ್ತ ಕೇಳುತ್ತ ವೇದಿಕೆಯ ಅಂಚಿನಲ್ಲಿ ಕುಸಿದು ಕೂತ.

“ನಿಮ್ಗೆ?” ಎಂದು ಕೇಳಿದಳು ಆಕೆ. “ನಿಮ್ಗೆ ಏನ್ ಕಾಣುತ್ತೆ? ದಿನಾ ನಗ್ತೀರಲ್ಲ.”

ಅವನು ತಲೆ ತಗ್ಗಿಸಿಕೊಂಡೇ ಹೇಳಿದ. ಕಾಲೇಜು ಹೇಳಿದ, ಸುಟ್ಟ ಅಂಗಿ ಹೇಳಿದ. ಆಕೆ ಅಳುತ್ತಾಳೆ, ಅವನನ್ನು ಅಪ್ಪಿಕೊಳ್ಳುತ್ತಾಳೆ ಎಂದು ನಾವೆಲ್ಲ ಕಾದೆವು. ಆಕೆಯ ಮುಖ ಕೆಂಪಗಾಯಿತು. ಅಷ್ಟು ದಿನದಲ್ಲಿ ಆ ಮುಖದಲ್ಲಿ ನಾನು ರಕ್ತ ಕಂಡಿದ್ದು ಅದೇ ಮೊದಲು.

“ಪಕ್ಕದಲ್ಲೇ ಕೂತಿದ್ನಲ್ರೀ,” ಎಂದಳು. “ನನ್ ಮಗಳನ್ನ ಇಷ್ಟು ದಿನ ಒಬ್ರೇ ನೋಡಿದ್ರಾ? ಅವ್ಳು ದೊಡ್ಡೋಳಾದ್ಲು ಅಂತ ಒಂದು ಮಾತು ನಂಗೆ ಹೇಳೋಕಾಗ್ಲಿಲ್ವಾ?”

ಶಾಲನ್ನು ಹೆಗಲಿಂದ ಕಿತ್ತು ಅವನ ಮುಖದ ಮೇಲೆ ಎಸೆದಳು. ಹೂವಿನ ಹಾರವನ್ನು ಪಟ್ಟಾಭಿಯವರ ಮೇಜಿನ ಮೇಲೆ ಬಿಸಾಡಿದಳು. ನೀರಿನ ಲೋಟ ಉರುಳಿ ಅವರ ಕಾಗದಗಳೆಲ್ಲ ತೊಯ್ದವು. ಯಾರ ಆಸರೆಯೂ ಇಲ್ಲದೆ ಮೆಟ್ಟಿಲು ಇಳಿದು, ಸಾಲುಗಳ ನಡುವೆ ನಡೆದು ಹೊರಗೆ ಹೋದಳು. ಹಾಲೇಶಪ್ಪ ಹಿಂದೆ ಓಡಿದ. ಪಟ್ಟಾಭಿಯವರು ಕರವಸ್ತ್ರದಿಂದ ಕಾಗದ ಒತ್ತುತ್ತಿದ್ದರು. ಸಭೆಯಲ್ಲಿ ಅಂಚೆ ಮಾಸ್ತರರ ಹೆಂಡತಿ ಗಂಡನ ಕಡೆ ತಿರುಗಿ ಏನೋ ಕೇಳಿದರು, ಮಾಸ್ತರರು ಸೂರು ನೋಡತೊಡಗಿದರು.

ಗೋಪ್ಯತೆ ಮುರಿದಳೆಂದು ನನ್ನ ನೋಂದಣಿ ರದ್ದಾಯಿತು. ವಿಚಾರಣೆಯಲ್ಲಿ ಮುರಿದಿದ್ದೇನೆ, ಮತ್ತೆ ಅವಕಾಶ ಸಿಕ್ಕರೆ ಇನ್ನೂ ಮೊದಲೇ ಮುರಿಯುತ್ತೇನೆ ಎಂದೆ. ಪಟ್ಟಾಭಿಯವರು ನಾನು ಮನೆಮನೆ ಸುತ್ತಿ ತಂದಿದ್ದನ್ನೆಲ್ಲ ತಮ್ಮ ಹೆಸರಿನಲ್ಲಿ ಅಚ್ಚು ಹಾಕಿಸಿ, ದೊಡ್ಡ ಹುದ್ದೆ ಹಿಡಿದು ಊರು ಬಿಟ್ಟರು. ಅದನ್ನು ತರಿಸಿ ಓದಿದೆ. ಅತ್ಯಧಿಕ ತಲ್ಲೀನತೆಯ ಪ್ರೇಕ್ಷಕಿ ಕೌಟುಂಬಿಕ ಕಾರಣಗಳಿಂದ ಅಧ್ಯಯನದಿಂದ ಹಿಂದೆ ಸರಿದರು ಎಂದು ಕೊನೆಯಲ್ಲಿ ಒಂದು ಸಾಲು ಇತ್ತು. ಕೌಟುಂಬಿಕ ಕಾರಣ. ಆ ಪುಸ್ತಕವನ್ನು ಹರಿದು ಹಾಕಲೂ ಮನಸ್ಸು ಬರಲಿಲ್ಲ. ಅದರ ಮೇಲಿನ ಸಿಟ್ಟು ನನಗೆ ಇನ್ನೂ ಬೇಕಾಗಿದೆ.

ಊರು ಸುಧಾರಿಸಿತು ಎಂದೇನೂ ಹೇಳಲಾರೆ. ಕೆಲವು ಮನೆಗಳಲ್ಲಿ ಕೇಳುವುದು ಶುರುವಾಗಿ ಜಗಳಗಳಾದವು. ಇದಕ್ಕೆಲ್ಲ ಕಾರಣ ನಾನೇ ಎಂದು ಇವತ್ತಿಗೂ ನನ್ನೊಡನೆ ಮಾತು ಬಿಟ್ಟವರಿದ್ದಾರೆ. ಹಾಲೇಶಪ್ಪನ ಮನೆಯಲ್ಲಿ ಟೀವಿ ತಕ್ಷಣವೇನೂ ಹೋಗಲಿಲ್ಲ. ಆಕೆ ತೆಗೆ ಎಂದಳು, ಅವನು ಆಗಲ್ಲ ಎಂದ. ಮಗಳ ಮುಖ ಇನ್ನೊಂದು ದಿನ ನೋಡಿಕೊಳ್ಳುತ್ತೇನೆ, ಇನ್ನೊಂದೇ ದಿನ ಎಂದು ಬೇಡಿಕೊಂಡನಂತೆ. ಕೊನೆಗೆ ಅವನೇ ಸ್ಕ್ರೂ ಬಿಚ್ಚಿ ಹೊತ್ತುಕೊಂಡು ಹೋಗಿ ಅಂಗಡಿಯ ಅಟ್ಟದ ಮೇಲೆ ಹಾಕಿದ. ಅಂದು ಅಂಗಡಿ ತೆರೆಯಲಿಲ್ಲ. ನನ್ನನ್ನು ಕಂಡರೆ ಬಹಳ ಕಾಲ ಮುಖ ತಿರುಗಿಸುತ್ತಿದ್ದ.

ನಾನೀಗ ಹೈಸ್ಕೂಲಿನಲ್ಲಿ ಪಾಠ ಹೇಳುತ್ತೇನೆ. ಮೊನ್ನೆ ಸಂಜೆ ಶಾಲೆ ಮುಗಿಸಿ ಅವರ ಮನೆಯ ಮುಂದೆ ಬರುತ್ತಿರುವಾಗ ಒಳಗಿನಿಂದ ಇಡೀ ಬೀದಿಗೆ ಕೇಳುವಂಥ ಜಗಳ.

“ಕಾಮರ್ಸಾ? ಅವ್ಳಿಗೆ ಮಗ್ಗಿನೇ ಬರ್ತಿರಲಿಲ್ಲ, ಕಾಮರ್ಸ್ ಯಾಕೆ ತಗೋತಾಳೆ?”

“ತಗೊಂಡಿದ್ಲು ಕಣೇ. ನಾನು ಕಣ್ಣಾರೆ ನೋಡಿದೀನಿ.”

“ಏನ್ ನೋಡಿದ್ರೋ ನೀವು. ನನ್ ಮಗ್ಳು ಡ್ಯಾನ್ಸ್ ಕಲೀತಿದ್ಲು.”

“ಡ್ಯಾನ್ಸ್ ಗೀನ್ಸ್ ಬೇಡ ಅಂತ ನಾನೇ ಹೇಳಿದ್ದೆ.”

“ಬೇಡ ಅನ್ನೋಕೆ ನೀವ್ಯಾರ್ರೀ? ನನ್ನ ಒಂದ್ ಮಾತು ಕೇಳಿದ್ರಾ?”

ಅವನು ಏನೋ ಗೊಣಗಿದ. ತಟ್ಟೆ ನೆಲಕ್ಕೆ ಬಡಿದ ಸದ್ದಾಯಿತು. ನಾನು ಗೇಟಿನ ಹತ್ತಿರವೇ ನಿಂತುಬಿಟ್ಟೆ.

“ಊಟಕ್ಕೆ ಕೂತ್ಕೊಳ್ಳಿ,” ಎಂದಳು ಪದ್ಮಾವತಕ್ಕ. “ನನ್ ಮಾತು ಇನ್ನೂ ಮುಗ್ದಿಲ್ಲ.”